ಜಾರುಕವಾಟದ ಎರಡೂವರೆ ಶತಮಾನ

ಕೆಲವು ವರ್ಷಗಳ ಹಿಂದಿನ ಮಾತು. ಅಮೆರಿಕದಲ್ಲಿ ನೆಲೆಸಿರುವ ತಂಗಿಯ ಸಂಸಾರದೊಡನೆ ಯೂಟಾ ರಾಜ್ಯದ ಕೆಂಪು ಬಂಡೆಗಳ ಸೀಮೆಯಲ್ಲಿ ಒಂದು ವಾರ ಸುತ್ತಾಡುವ ಅವಕಾಶ ನನಗೆ ಒದಗಿತ್ತು. ಹೋಟೆಲುಗಳಲ್ಲಿ ಉಳಿಯುವ ಬದಲು ಬಾಡಿಗೆಗೆ ಒಂದು ಮನೆಗಾಡಿಯನ್ನು ಪಡೆದಿದ್ದೆವು. ಅಲ್ಲಿ ಇದನ್ನು ಆರ್‌ವಿ ಎಂದು ಕರೆಯುತ್ತಾರೆ. ಹಾಸಿಗೆ, ಒಲೆ, ಫ್ರಿಜ್, ಸ್ನಾನದ ಮೂಲೆ, ಶೌಚಾಲಯ ಎಲ್ಲವೂ ಒಂದು ಬಸ್ಸಿನೊಳಗೆ! ಶೌಚದ ತ್ಯಾಜ್ಯವು ಗಾಡಿಯ ಅಡಿಯಲ್ಲಿರುವ ಒಂದು ತೊಟ್ಟಿಯಲ್ಲಿ ಸಂಗ್ರಹವಾಗುತ್ತದೆ. ತೊಟ್ಟಿಯ ಬಾಯಿಗೆ ಒಂದು ಜಾರುಕವಾಟ. ಹಿಡಿಯನ್ನು ಎಳೆದರೆ ತೆರೆಯುತ್ತದೆ, ದೂಡಿದರೆ ಮುಚ್ಚುತ್ತದೆ. ಇಷ್ಟೇ ವ್ಯವಸ್ಥೆ.

ಮೊದಲ ಮೂರು ದಿನ ಗಾಡಿ ಒಂದೇ ಶಿಬಿರದಲ್ಲಿ ನಿಂತಿತ್ತು. ಅಲ್ಲಿನ ಒಳಚರಂಡಿಗೆ ಕೊಳವೆ ಜೋಡಿಸಿ, ಕವಾಟವನ್ನು ಪೂರ್ತಿ ತೆರೆದೇ ಬಿಟ್ಟೆವು. ಮನೆಯಲ್ಲಿ ಹೇಗೋ ಇಲ್ಲೂ ಹಾಗೆ, ಆದದ್ದು ಆಗಿಂದಾಗಲೇ ಹರಿದುಹೋಗಲಿ ಎಂಬುದು ನಮ್ಮ ತರ್ಕ. ನಾಲ್ಕನೆಯ ದಿನ ಹೊರಡುವಾಗ ಹಿಡಿಯನ್ನು ದೂಡಿದರೆ ಕವಾಟ ಅರ್ಧ ಮುಚ್ಚಿ ನಿಂತುಬಿಟ್ಟಿತು. ಭಾವಮೈದುನ ಬಲ ಹಾಕಿದರು. ನಾನೂ ಕೈಜೋಡಿಸಿದೆ. ಪಕ್ಕದ ಗಾಡಿಯ ಹಿರಿಯರೊಬ್ಬರು ದೂರದಿಂದಲೇ ಕೈ ಬೀಸಿ ತಡೆದರು. "ದೂಡಬೇಡಿ, ಹಿಡಿ ಮುರಿದೀತು. ಮೊದಲು ನೀರು ಹಾಕಿ, ಬಿಸಿನೀರು, ಧಾರಾಳವಾಗಿ" ಎಂದರು. ಅಂತೆಯೇ ಬಕೆಟ್ಟುಗಟ್ಟಲೆ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ ಶೌಚದ ಬಟ್ಟಲಿನೊಳಗೆ ಸುರಿದು, ಸ್ವಲ್ಪ ಹೊತ್ತು ಕಾದು, ಹಿಡಿಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದೆವು. ಐದಾರು ಬಾರಿ ಹೀಗೆ ಮಾಡಿದ ಮೇಲೆ ಕವಾಟ ಮುಚ್ಚಿತು. ನಂತರ ತೊಟ್ಟಿಯ ಮುಕ್ಕಾಲು ಭಾಗ ನೀರು ತುಂಬಿಸಿ ಒಮ್ಮೆಲೇ ತೆರೆದಾಗ ಮೂರು ದಿನಗಳಿಂದ ಒಳಗೇ ಕುಳಿತಿದ್ದುದೆಲ್ಲ ಭೋರೆಂದು ಹೊರಬಿತ್ತು.

ಮೂವತ್ತು ವರ್ಷ ದ್ರವಗಳ ಚಲನೆಯನ್ನು ಪಾಠ ಹೇಳಿದ ನನಗೆ ಅಂದು ಸ್ವಲ್ಪ ನಾಚಿಕೆಯೇ ಆಯಿತು. ಊರಿಗೆ ಮರಳಿದ ಮೇಲೆ ಈ ಕವಾಟದ ಪೂರ್ವಾಪರವನ್ನು ಹುಡುಕತೊಡಗಿದೆ. ಅದರ ಕಥೆ ಮನೆಗಾಡಿಗಳಿಗಿಂತ ಬಹಳ ಹಳೆಯದು. ನಾವು ಮಾಡಿದ ತಪ್ಪಿನ ಬೇರೂ ಆ ಕಥೆಯಲ್ಲೇ ಇದೆ.

ಗಡಿಯಾರ ಮಾಡುವವನ ಕೈಚಳಕ

ನೀರು ಹರಿಸಿ ತೊಳೆಯುವ ಶೌಚಾಲಯದ ವಿವರವನ್ನು ಇಂಗ್ಲೆಂಡಿನಲ್ಲಿ ಮೊದಲು ಬರೆದವನು ಸರ್ ಜಾನ್ ಹ್ಯಾರಿಂಗ್ಟನ್. ಒಂದನೆಯ ಎಲಿಜಬೆತ್ ರಾಣಿಯ ಧರ್ಮಪುತ್ರನಾಗಿದ್ದ ಈತ 1596ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮೇಲೊಂದು ನೀರಿನ ತೊಟ್ಟಿ, ಕೆಳಗೊಂದು ಬಟ್ಟಲು, ಬಟ್ಟಲಿನ ತಳಕ್ಕೆ ಚರ್ಮ ಹೊದಿಸಿದ ಕವಾಟ ಇರುವ ಸಾಧನವನ್ನು ವರ್ಣಿಸಿದ. ನೀರು ಹೇರಳವಾಗಿದ್ದು ಹೆಚ್ಚು ಸಲ ಹರಿಸಿದಷ್ಟೂ ಒಳ್ಳೆಯದು ಎಂಬ ಅಭಿಪ್ರಾಯವೂ ಅವನಲ್ಲಿತ್ತು. ಆದರೆ ಕೊಳವೆ ನೀರೂ ಒಳಚರಂಡಿಯೂ ಇಲ್ಲದ ಅಂದಿನ ಸಮಾಜದಲ್ಲಿ ಅದು ಬಳಕೆಗೆ ಬರಲಿಲ್ಲ.

ಮುಂದಿನ ಮುಖ್ಯ ಹೆಜ್ಜೆಗೆ ಸುಮಾರು 180 ವರ್ಷ ಕಾಯಬೇಕಾಯಿತು. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್ ಶೌಚಾಲಯಕ್ಕೆ ಪೇಟೆಂಟ್ ಪಡೆದ. ಸ್ಕಾಟ್ಲೆಂಡಿನಿಂದ ಬಂದಿದ್ದ ಈತನ ವಿನ್ಯಾಸದಲ್ಲಿ ಎರಡು ಅಂಶಗಳಿದ್ದವು. ಮೊದಲನೆಯದು, ಇಂಗ್ಲಿಷಿನ 'ಎಸ್' ಅಕ್ಷರದಂತೆ ಬಾಗಿದ ಕೊಳವೆ. ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿದ್ದು ಚರಂಡಿಯ ಅನಿಲ ಮೇಲೆ ಬರದಂತೆ ತಡೆಯುತ್ತದೆ. ಎರಡನೆಯದು, ಬಟ್ಟಲಿನ ತಳದಲ್ಲಿ ಅಡ್ಡಲಾಗಿ ಸರಿಯುವ ಒಂದು ತಟ್ಟೆ. ಇದೇ ಜಾರುಕವಾಟ.

ಬಾಗಿದ ಕೊಳವೆ ಗೆದ್ದಿತು. ಇಂದು ಜಗತ್ತಿನ ಎಲ್ಲೆಡೆ, ನಮ್ಮ ಅಡುಗೆಮನೆಯ ಸಿಂಕಿನ ಕೆಳಗೂ, ಅದರ ಯಾವುದಾದರೊಂದು ರೂಪವಿದೆ. ಜಾರುಕವಾಟ ಮಾತ್ರ ಸೋತಿತು. ತಟ್ಟೆ ಸರಿಯಬೇಕಾದರೆ ಅದಕ್ಕೊಂದು ಗಾಡಿ, ಎಂದರೆ ಸಣ್ಣ ತೋಡು, ಬೇಕು. ಆ ತೋಡಿನಲ್ಲಿ ಕೊಳೆ ಕೂರುತ್ತದೆ. ಕೊಳೆ ಕೂತರೆ ತಟ್ಟೆ ಪೂರ್ತಿ ಮುಚ್ಚುವುದಿಲ್ಲ. ಚಳಿಗಾಲದಲ್ಲಿ ತೋಡಿನ ನೀರು ಹೆಪ್ಪುಗಟ್ಟಿದರೆ ತಟ್ಟೆ ಅಲ್ಲಾಡುವುದೇ ಇಲ್ಲ.

ಈ ದೋಷವನ್ನು ಕಣ್ಣಾರೆ ಕಂಡವನು ಜೋಸೆಫ್ ಬ್ರಾಮಾ. ಯಾರ್ಕ್‌ಷೈರಿನ ರೈತನ ಮಗ, ವೃತ್ತಿಯಿಂದ ಮರಗೆಲಸದವನು. ಲಂಡನ್ನಿನ ಮನೆಗಳಲ್ಲಿ ಇಂಥ ಶೌಚಾಲಯಗಳನ್ನು ಕೂರಿಸುವ ಕೆಲಸ ಮಾಡುತ್ತಿದ್ದ ಈತ 1778ರಲ್ಲಿ ಜಾರುವ ತಟ್ಟೆಯನ್ನು ತೆಗೆದು, ಕೀಲಿನ ಮೇಲೆ ಕೆಳಕ್ಕೆ ಬಾಗಿಲಿನಂತೆ ತೆರೆಯುವ ಕವಾಟವನ್ನು ಇಟ್ಟ. ತೋಡು ಇಲ್ಲವಾದ್ದರಿಂದ ಕೊಳೆ ಕೂರುವ ಜಾಗವೂ ಇಲ್ಲ. ಇದೇ ಬ್ರಾಮಾ ಮುಂದೆ 1784ರಲ್ಲಿ ಭದ್ರವಾದ ಬೀಗವನ್ನೂ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸನ್ನೂ ರೂಪಿಸಿದ. ಭೌತವಿಜ್ಞಾನದ ವಿದ್ಯಾರ್ಥಿಗಳು ಪ್ಯಾಸ್ಕಲ್ ನಿಯಮದ ಪಾಠದಲ್ಲಿ 'ಬ್ರಾಮಾ ಪ್ರೆಸ್' ಎಂದು ಓದುವುದು ಇವನದೇ ಯಂತ್ರವನ್ನು. ನೀರಿನ ಒತ್ತಡ, ಸೋರದಂತೆ ಹಿಡಿಯುವ ಸೀಲು, ಕವಾಟ ಇವುಗಳ ಬಗ್ಗೆ ಅವನ ಮೊದಲ ಪಾಠ ನಡೆದದ್ದು ಶೌಚಾಲಯದಲ್ಲಿ ಎಂಬುದನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ.

ಮನೆಯಿಂದ ಹೊರಬಿದ್ದ ಕವಾಟ

ಹತ್ತೊಂಬತ್ತನೆಯ ಶತಮಾನದಲ್ಲಿ ನಗರಗಳಿಗೆ ಕೊಳವೆ ನೀರು ಬಂತು, ಒಳಚರಂಡಿಗಳು ಬಂದವು. 1880ರ ದಶಕದ ಹೊತ್ತಿಗೆ ಇಂಗ್ಲೆಂಡಿನ ಥಾಮಸ್ ಟ್ವೈಫೋರ್ಡ್ ಮೊದಲಾದವರು ಬಟ್ಟಲು ಮತ್ತು ಬಾಗಿದ ಕೊಳವೆ ಎರಡನ್ನೂ ಒಂದೇ ಪಿಂಗಾಣಿಯಲ್ಲಿ ಮಾಡತೊಡಗಿದರು. ಕೊಳೆಯನ್ನು ಸಾಗಿಸುವ ಕೆಲಸ ಹರಿಯುವ ನೀರಿನದು. ವಾಸನೆಯನ್ನು ತಡೆಯುವ ಕೆಲಸ ನಿಂತ ನೀರಿನದು. ಬಟ್ಟಲಿನ ಕೆಳಗೆ ಚಲಿಸುವ ಭಾಗ ಯಾವುದೂ ಬೇಕಿಲ್ಲ. ಹೀಗೆ ಮನೆಯ ಶೌಚಾಲಯದ ತಳದಿಂದ ಕವಾಟ ಮರೆಯಾಯಿತು.

ಇಂದು ನಾವು ಗುಂಡಿ ಒತ್ತಿ ಮರೆತುಬಿಡುತ್ತೇವಲ್ಲ, ಆ ನಿಶ್ಚಿಂತೆ ಸಾಧ್ಯವಾದದ್ದು ಇದರಿಂದ. ಆದರೆ ಇದಕ್ಕೆ ಒಂದು ಷರತ್ತಿದೆ. ಆಚೆ ತುದಿಯಲ್ಲಿ ಸದಾ ಒಂದು ಚರಂಡಿಯೋ ಗುಂಡಿಯೋ ಕಾದಿರಬೇಕು. ಚಲಿಸುವ ವಾಹನಕ್ಕೆ ಆ ಸೌಕರ್ಯವಿಲ್ಲ. ಅದು ಹಡಗಾಗಲಿ, ರೈಲಾಗಲಿ, ವಿಮಾನವಾಗಲಿ, ಅದರ ಮುಂದಿರುವುದು ಎರಡೇ ದಾರಿ: ಹೋದಲ್ಲೆಲ್ಲ ಚೆಲ್ಲುತ್ತ ಹೋಗುವುದು, ಇಲ್ಲವೇ ಹೊತ್ತುಕೊಂಡು ಹೋಗುವುದು. ಹೊತ್ತುಕೊಂಡು ಹೋಗುವುದೆಂದರೆ ತೊಟ್ಟಿ ಬೇಕು. ತೊಟ್ಟಿಗೆ ಕವಾಟ ಬೇಕು.

ಚಕ್ರದ ಮೇಲಿನ ಮನೆ

1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಿಯರ್ಸ್-ಆರೋ ಸಂಸ್ಥೆ 'ಟೂರಿಂಗ್ ಲ್ಯಾಂಡೋ' ಎಂಬ ಕಾರನ್ನು ಪ್ರದರ್ಶಿಸಿತು. ಹಿಂದಿನ ಆಸನವನ್ನು ಮಡಿಸಿದರೆ ಹಾಸಿಗೆ. ಚಾಲಕನ ಆಸನದ ಬೆನ್ನಿನಲ್ಲಿ ಮಡಿಸುವ ಸಿಂಕು. ಶೌಚಕ್ಕೆ ಒಂದು ಪಾತ್ರೆ. ಇದನ್ನು ಮನೆಗಾಡಿಗಳ ಪೂರ್ವಜ ಎನ್ನಬಹುದು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಕಾರಿನಲ್ಲೇ ಬೀಡುಬಿಡುವ ಪ್ರವಾಸಿಗರ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಹುಟ್ಟಿತು. 1930ರ ದಶಕದಲ್ಲಿ ಅಮೆರಿಕದ ದೊಡ್ಡ ಟ್ರೇಲರ್ ಕಾರ್ಖಾನೆಯೊಂದನ್ನು ಕಟ್ಟಿದ ಡೆಟ್ರಾಯಿಟ್‌ನ ಆರ್ಥರ್ ಶರ್ಮನ್ ವೃತ್ತಿಯಿಂದ ಬ್ಯಾಕ್ಟೀರಿಯಾ ವಿಜ್ಞಾನಿಯಾಗಿದ್ದುದು ಒಂದು ಸ್ವಾರಸ್ಯ. ಆದರೂ ಆ ಕಾಲದ ಗಾಡಿಗಳ ಕೊಳಚೆ ಹೊರಗಿಟ್ಟ ಬಕೆಟ್ಟಿಗೋ ಅಗೆದ ಗುಂಡಿಗೋ ಹೋಗುತ್ತಿತ್ತು.

ಹೊರಗಿನ ಯಾವ ಸಂಪರ್ಕವೂ ಇಲ್ಲದೆ ನೀರು, ಬೆಳಕು, ಶೌಚ ಎಲ್ಲವನ್ನೂ ತಾನೇ ಒದಗಿಸಿಕೊಳ್ಳುವ ಗಾಡಿಯೆಂದು ಪ್ರಸಿದ್ಧವಾದದ್ದು 1957ರಲ್ಲಿ ಏರ್‌ಸ್ಟ್ರೀಮ್ ಸಂಸ್ಥೆ ಹೊರತಂದ 'ಇಂಟರ್‌ನ್ಯಾಷನಲ್' ಮಾದರಿ. 1966ರಿಂದ ವಿನ್ನೆಬಾಗೊ ಸಂಸ್ಥೆ ಐಯೋವಾದಲ್ಲಿ ಎಂಜಿನ್ ಸಹಿತವಾದ ಮನೆಗಾಡಿಗಳನ್ನು ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ತಯಾರಿಸತೊಡಗಿತು. ಪ್ಲಾಸ್ಟಿಕ್ ಕೊಳವೆಗಳು ಬಳಕೆಗೆ ಬಂದವು. ಕ್ರಮೇಣ ಒಂದು ವಾಡಿಕೆ ನೆಲೆಗೊಂಡಿತು. ಶೌಚದ 'ಕಪ್ಪು ನೀರಿಗೆ' ಒಂದು ತೊಟ್ಟಿ, ಸ್ನಾನ ಮತ್ತು ಪಾತ್ರೆ ತೊಳೆದ 'ಬೂದು ನೀರಿಗೆ' ಇನ್ನೊಂದು. ಕಪ್ಪು ನೀರಿಗೆ ಮೂರು ಅಂಗುಲದ ಕೊಳವೆ, ಬೂದು ನೀರಿಗೆ ಸಾಮಾನ್ಯವಾಗಿ ಒಂದೂವರೆ ಅಂಗುಲದ್ದು.

ಕವಾಟ ಯಾವುದು? ಬ್ರಾಮಾ 1778ರಲ್ಲಿ ಕಿತ್ತೆಸೆದ ಅದೇ ಜಾರುವ ತಟ್ಟೆ! ಕಾರಣ ಸರಳ. ಗಾಡಿಯ ಅಡಿಯಲ್ಲಿ ಜಾಗ ಕಡಿಮೆ. ಕೀಲಿನ ಬಾಗಿಲು ತೆರೆಯಲು ಸ್ಥಳ ಬೇಕು. ಜಾರುವ ತಟ್ಟೆಗೆ ಅದು ಬೇಡ. ತೆರೆದಾಗ ದಾರಿ ಪೂರ್ತಿ ಮುಕ್ತ, ಗಟ್ಟಿ ವಸ್ತು ಸಿಕ್ಕಿಕೊಳ್ಳಲು ನಡುವೆ ಏನೂ ಇಲ್ಲ. ಬೆಲೆಯೂ ಅಗ್ಗ. ತಟ್ಟೆಯ ಎರಡೂ ಬದಿಗೆ ರಬ್ಬರ್ ಸೀಲು ಇಟ್ಟು, ನಾಲ್ಕು ಬೋಲ್ಟುಗಳಿಂದ ಬಿಗಿದರೆ ಮುಗಿಯಿತು. ಆದರೆ ತಟ್ಟೆಯ ಜೊತೆಗೆ ತೋಡೂ ಮರಳಿ ಬಂತು. ತೋಡಿನ ಜೊತೆಗೆ ಅದರ ಹಳೆಯ ರೋಗಗಳೂ ಬಂದವು.

ಬಲದ ಲೆಕ್ಕ, ವೇಗದ ಲೆಕ್ಕ

ಕವಾಟ ಸಿಕ್ಕಿಕೊಂಡಾಗ ಎಲ್ಲರಿಗೂ ಬರುವ ಮೊದಲ ಅನುಮಾನ, ತೊಟ್ಟಿಯಲ್ಲಿರುವ ದ್ರವದ ಭಾರ ತಟ್ಟೆಯನ್ನು ಒತ್ತಿ ಹಿಡಿದಿದೆ ಎಂಬುದು. ಲೆಕ್ಕ ಹಾಕಿ ನೋಡೋಣ. ತೊಟ್ಟಿಯಲ್ಲಿ ದ್ರವದ ಎತ್ತರ 30 ಸೆಂಟಿಮೀಟರ್ ಇರಲಿ. ಆಗ ತಳದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 30 ಗ್ರಾಂ ತೂಕದಷ್ಟು. ಮೂರು ಅಂಗುಲ ವ್ಯಾಸದ ಬಾಯಿಯ ವಿಸ್ತೀರ್ಣ ಸುಮಾರು 45 ಚದರ ಸೆಂಟಿಮೀಟರ್. ಗುಣಿಸಿದರೆ 1,350 ಗ್ರಾಂ. ಒಂದೂವರೆ ಲೀಟರ್ ನೀರಿನ ಬಾಟಲಿಗಿಂತ ಕಡಿಮೆ! ಒದ್ದೆ ರಬ್ಬರಿನ ಮೇಲೆ ತಟ್ಟೆಯನ್ನು ಎಳೆಯಲು ಇದರಿಂದ ಬರುವ ಅಡ್ಡಿ ಮಗುವಿನ ಕೈಗೂ ಹೆಚ್ಚಿನದಲ್ಲ. ಹಾಗಾದರೆ ಕವಾಟವನ್ನು ಹಿಡಿದಿಟ್ಟಿರುವುದು ದ್ರವದ ಭಾರವಲ್ಲ; ಒಣಗಿ ಅಂಟಿಕೊಂಡ ರಬ್ಬರು, ತೋಡಿನಲ್ಲಿ ಗಟ್ಟಿಯಾದ ಕಾಗದ ಮತ್ತು ಮಲ, ಮೂತ್ರದಿಂದ ಕಟ್ಟಿದ ಖನಿಜದ ಪೊರೆ, ಇಲ್ಲವೇ ತುಕ್ಕು ಹಿಡಿದ ಎಳೆತಂತಿ. ಇವು ಯಾವುವೂ ಬಲಕ್ಕೆ ಬಗ್ಗುವುದಿಲ್ಲ. ಬಲ ಹಾಕಿದರೆ ಮೊದಲು ಮುರಿಯುವುದು ಹಿಡಿ.

ಇನ್ನು ವೇಗದ ಲೆಕ್ಕ. ಟಾರಿಸೆಲ್ಲಿಯ ನಿಯಮದಂತೆ ರಂಧ್ರದಿಂದ ಹೊರಬೀಳುವ ದ್ರವದ ವೇಗ ದ್ರವದ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 30 ಸೆಂಟಿಮೀಟರ್ ಎತ್ತರವಿದ್ದರೆ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. 150 ಲೀಟರಿನ ತೊಟ್ಟಿ ಸುಮಾರು ಒಂದು ನಿಮಿಷದಲ್ಲಿ ಖಾಲಿಯಾಗುತ್ತದೆ. ಆ ರಭಸ ತಳದ ಗಟ್ಟಿ ಪದಾರ್ಥವನ್ನೂ ಎಳೆದುಕೊಂಡು ಹೋಗುತ್ತದೆ, ತೋಡನ್ನೂ ತೊಳೆಯುತ್ತದೆ. ಆದರೆ ಕವಾಟ ಸದಾ ತೆರೆದೇ ಇದ್ದರೆ ತೊಟ್ಟಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಐದು ಮಿಲಿಮೀಟರ್ ಆಳದ ತೆಳು ಹರಿವಿನ ವೇಗ ಸೆಕೆಂಡಿಗೆ 0.3 ಮೀಟರ್ ಮಾತ್ರ, ಎಂದರೆ ಮೊದಲಿನ ಎಂಟನೆಯ ಒಂದು ಭಾಗ. ದ್ರವ ಜಿನುಗಿ ಹೋಗುತ್ತದೆ, ಘನ ಅಲ್ಲೇ ಕುಳಿತು ಗೋಪುರ ಕಟ್ಟುತ್ತದೆ. ಯೂಟಾದಲ್ಲಿ ನಾವು ಮೂರು ದಿನ ಮಾಡಿದ್ದು ಇದನ್ನೇ. ಮನೆಯ ಚರಂಡಿಯ ರೂಢಿಯನ್ನು ತೊಟ್ಟಿಗೆ ಅನ್ವಯಿಸಿದ್ದು ನಮ್ಮ ತಪ್ಪು. ಮನೆಯಲ್ಲಿ ಪ್ರತಿಸಲವೂ ಮೇಲಿನ ತೊಟ್ಟಿಯ ಹಲವು ಲೀಟರ್ ನೀರು ಒಮ್ಮೆಗೇ ಬೀಳುತ್ತದೆ. ಮನೆಗಾಡಿಯಲ್ಲಿ ನೀರು ಮಿತ. ಅಲ್ಲಿ ರಭಸವನ್ನು ಕೂಡಿಟ್ಟು ಒಂದೇ ಸಲ ಖರ್ಚು ಮಾಡಬೇಕು.

ದುರಸ್ತಿ ಮತ್ತು ಮುಂಜಾಗ್ರತೆ

ಈ ಎರಡು ಲೆಕ್ಕಗಳಿಂದಲೇ ಮನೆಗಾಡಿಗಳ ಅನುಭವಿಗಳು ಹೇಳುವ ನಿಯಮಗಳೆಲ್ಲ ತಾವಾಗಿ ಹೊರಡುತ್ತವೆ. ಕಪ್ಪು ನೀರಿನ ಕವಾಟವನ್ನು ಮುಚ್ಚಿಯೇ ಇಡಬೇಕು. ತೊಟ್ಟಿ ಮೂರನೆಯ ಎರಡು ಭಾಗವಾದರೂ ತುಂಬಿದ ಮೇಲೆ ಒಮ್ಮೆಲೇ ಪೂರ್ತಿ ತೆರೆಯಬೇಕು. ಮೊದಲು ಕಪ್ಪು, ಆಮೇಲೆ ಬೂದು. ಸೋಪಿನ ಅಂಶವಿರುವ ಬೂದು ನೀರು ಹೊರಗಿನ ಕೊಳವೆಯನ್ನು ತೊಳೆದುಕೊಡುತ್ತದೆ. ಖಾಲಿಯಾದ ತೊಟ್ಟಿಗೆ ಒಂದೆರಡು ಬಕೆಟ್ ನೀರು ಸುರಿದು ಬಿಟ್ಟರೆ ತಳವೂ ಸೀಲೂ ಒಣಗುವುದಿಲ್ಲ. ಸುಲಭವಾಗಿ ಕರಗುವ ಕಾಗದವನ್ನು ಬಿಟ್ಟು ಬೇರೆ ಯಾವುದನ್ನೂ ಬಟ್ಟಲಿಗೆ ಹಾಕಬಾರದು.

ಕವಾಟ ಬಿಗಿಯಾಗತೊಡಗಿದರೆ ಮೊದಲ ಔಷಧಿ ಬಿಸಿನೀರು ಮತ್ತು ಕಾಲಾವಕಾಶ. ಬಿಸಿನೀರು ಎಂದರೆ ಕುದಿಯುವ ನೀರಲ್ಲ. ಅದು ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಖನಿಜದ ಪೊರೆ ಕಟ್ಟಿದ್ದರೆ ವಿನಿಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣ ಹಾಕಿ ರಾತ್ರಿಯಿಡೀ ನೆನೆಸಬಹುದು. ಆದರೆ ಬ್ಲೀಚಿಂಗ್ ದ್ರಾವಣವನ್ನು ಇದರೊಡನೆ ಎಂದೂ ಬೆರೆಸಬಾರದು. ಆಮ್ಲದೊಡನೆ ಅದು ಕ್ಲೋರಿನ್ನನ್ನೂ ಮೂತ್ರದ ಅಮೋನಿಯದೊಡನೆ ಕ್ಲೋರಮೀನನ್ನೂ ಬಿಡುಗಡೆ ಮಾಡುತ್ತದೆ, ಎರಡೂ ವಿಷಾನಿಲಗಳು. ಜಾರುವಿಕೆಗೆ ಸಿಲಿಕೋನ್ ಗ್ರೀಸ್ ಒಳ್ಳೆಯದು. ಎಂಜಿನ್ ಎಣ್ಣೆ, ವ್ಯಾಸಲೀನ್ ಮುಂತಾದ ಪೆಟ್ರೋಲಿಯಂ ಪದಾರ್ಥಗಳು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ. ಅಡುಗೆ ಎಣ್ಣೆ ಸುರಿಯುವ ರೂಢಿಯೂ ಉಂಟು. ತತ್ಕಾಲಕ್ಕೆ ಉಪಯೋಗವಾದರೂ ಕಾಲಕ್ರಮದಲ್ಲಿ ಅದು ಗಾಳಿಯ ಆಕ್ಸಿಜನ್ನಿನೊಡನೆ ವರ್ತಿಸಿ ಅಂಟಾಗುತ್ತದೆ.

ಸೋರಿಕೆ ನಿಲ್ಲದಿದ್ದರೆ ಸೀಲು ಹರಿದಿದೆ ಅಥವಾ ತಟ್ಟೆ ಸವೆದಿದೆ ಎಂದರ್ಥ. ತೊಟ್ಟಿಯನ್ನು ಚೆನ್ನಾಗಿ ತೊಳೆದು ಖಾಲಿ ಮಾಡಿ, ಕೈಗವಸು ಧರಿಸಿ, ನಾಲ್ಕು ಬೋಲ್ಟು ಬಿಚ್ಚಿದರೆ ಕವಾಟ ಕೈಗೆ ಬರುತ್ತದೆ. ಹೊಸ ಸೀಲುಗಳನ್ನು ತೋಡಿನಲ್ಲಿ ಸರಿಯಾಗಿ ಕೂರಿಸಿ, ಬೋಲ್ಟುಗಳನ್ನು ಕರ್ಣಾಕಾರವಾಗಿ ಸ್ವಲ್ಪಸ್ವಲ್ಪವೇ ಸಮನಾಗಿ ಬಿಗಿಯಬೇಕು. ಒಂದೇ ಬದಿ ಬಿಗಿದರೆ ತಟ್ಟೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಶುದ್ಧ ನೀರು ತುಂಬಿ ಸೋರಿಕೆ ಪರೀಕ್ಷಿಸಿದ ಮೇಲೆಯೇ ಬಳಕೆ. ಚಳಿ ಪ್ರದೇಶದಲ್ಲಿ ಕಮ್ಮಿಂಗ್ ಕಾಲದ ಸಮಸ್ಯೆ ಇಂದಿಗೂ ಇದೆ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಶೇಕಡಾ 9ರಷ್ಟು ಹಿಗ್ಗುವುದರಿಂದ, ಚಳಿಗಾಲಕ್ಕೆ ಮುಂಚೆ ತೊಟ್ಟಿ ಬರಿದುಮಾಡಿ ಪ್ರೊಪಿಲೀನ್ ಗ್ಲೈಕಾಲ್ ಇರುವ ದ್ರಾವಣವನ್ನು ಸುರಿಯುತ್ತಾರೆ.

ಕವಾಟ ಕೈಕೊಟ್ಟಾಗ

ಮನೆಗಾಡಿಯ ಕವಾಟ ಕೆಟ್ಟರೆ ಒಂದು ಬೆಳಗ್ಗೆ ಹಾಳಾಗುತ್ತದೆ. ಬೇರೆಡೆ ಇದೇ ಬಗೆಯ ಸಣ್ಣ ಸಾಧನಕ್ಕೆ ತೆತ್ತ ಬೆಲೆ ದೊಡ್ಡದು.

ಎರಡನೆಯ ಮಹಾಯುದ್ಧದ ಕೊನೆಯ ವಾರಗಳಲ್ಲಿ, 1945ರ ಏಪ್ರಿಲ್ 14ರಂದು, ಜರ್ಮನಿಯ ಯು-1206 ಎಂಬ ಜಲಾಂತರ್ಗಾಮಿ ಸ್ಕಾಟ್ಲೆಂಡಿನ ಕರಾವಳಿಯ ಬಳಿ ನೀರಿನಡಿಯಲ್ಲಿತ್ತು. ಆಳದಲ್ಲಿದ್ದಾಗಲೂ ಬಳಸಬಹುದಾದ ಹೊಸ ಬಗೆಯ ಶೌಚಾಲಯ ಅದರಲ್ಲಿತ್ತು. ಕವಾಟಗಳನ್ನು ನಿಗದಿತ ಕ್ರಮದಲ್ಲಿ ತೆರೆದು ಮುಚ್ಚಬೇಕಾಗಿತ್ತು. ಅದಕ್ಕೆ ತರಬೇತಿ ಬೇಕಿತ್ತು. ಯಾರಿಂದ ಏನು ತಪ್ಪಾಯಿತು ಎಂಬ ಬಗ್ಗೆ ಹೇಳಿಕೆಗಳು ಒಂದೇ ತೆರನಾಗಿಲ್ಲ. ಸಮುದ್ರದ ನೀರು ಒಳನುಗ್ಗಿತು ಎಂಬುದು ಮಾತ್ರ ಖಚಿತ. 60 ಮೀಟರ್ ಆಳದಲ್ಲಿ ನೀರಿನ ಒತ್ತಡ ನಮ್ಮ ಮನೆಗಾಡಿಯ ತೊಟ್ಟಿಯದಕ್ಕಿಂತ 200 ಪಟ್ಟು. ಅದೇ ಮೂರು ಅಂಗುಲದ ಬಾಯಿಯಾಗಿದ್ದರೆ ಅದರ ಮೇಲೆ 270 ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತದೆ. ನೀರು ಕೆಳಗಿನ ಬ್ಯಾಟರಿಗಳನ್ನು ತಲಪಿ ಕ್ಲೋರಿನ್ ಅನಿಲ ಎದ್ದಿತು. ಮೇಲೇಳುವುದು ಅನಿವಾರ್ಯವಾಯಿತು. ಮೇಲೆ ಶತ್ರು ವಿಮಾನಗಳ ದಾಳಿ. ಕ್ಯಾಪ್ಟನ್ ಕಾರ್ಲ್-ಅಡಾಲ್ಫ್ ಶ್ಲಿಟ್ ನೌಕೆಯನ್ನು ಮುಳುಗಿಸಲು ಆಜ್ಞೆ ಮಾಡಿದ. ನಾಲ್ವರು ಸತ್ತರು, ಉಳಿದವರು ಸೆರೆಯಾದರು.

1990ರ ಜನವರಿ 4ರಂದು ಮಯಾಮಿಯಿಂದ ಮಿನಿಯಾಪೊಲಿಸ್‌ಗೆ ಹಾರುತ್ತಿದ್ದ ಬೋಯಿಂಗ್ 727 ವಿಮಾನದ ಒಂದು ಎಂಜಿನ್ ಆಕಾಶದಲ್ಲೇ ಕಳಚಿ ಬಿತ್ತು. ತನಿಖೆಯಲ್ಲಿ ಕಂಡುಬಂದದ್ದು, ಮುಂಭಾಗದ ಶೌಚಾಲಯದಿಂದ ಹೊರಕ್ಕೆ ಆಗುತ್ತಿದ್ದ ಸೋರಿಕೆ. ಹತ್ತು ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ 50 ಡಿಗ್ರಿಯಷ್ಟು ಕೆಳಗೆ. ಜಿನುಗಿದ ದ್ರವ ಹೊರಮೈಗೆ ಅಂಟಿ ಮಂಜುಗಡ್ಡೆಯಾಗಿ ಬೆಳೆದು, ಕಳಚಿ ಹಿಂದಿನ ಎಂಜಿನ್ನಿಗೆ ಬಡಿದಿತ್ತು. ವಿಮಾನ ಸುರಕ್ಷಿತವಾಗಿ ಇಳಿದದ್ದು ಪುಣ್ಯ. ಇಂಥ ಸೋರಿಕೆಯ ಮಂಜುಗಡ್ಡೆಗೆ, ಶೌಚದ ದ್ರಾವಣದ ಬಣ್ಣದಿಂದ, 'ನೀಲಿ ಮಂಜು' ಎಂಬ ಹೆಸರಿದೆ. ನಮ್ಮಲ್ಲೂ 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಹಾರಾಟದಲ್ಲಿ ತ್ಯಾಜ್ಯ ಚೆಲ್ಲುವ ವಿಮಾನಗಳಿಗೆ 50,000 ರೂಪಾಯಿ ದಂಡ ವಿಧಿಸಲು ಆದೇಶಿಸಿತ್ತು.

ಮೂರನೆಯ ಘಟನೆಯಲ್ಲಿ ಕೆಟ್ಟದ್ದು ಕವಾಟವಲ್ಲ, ಬುದ್ಧಿ. 2004ರ ಆಗಸ್ಟ್ 8ರಂದು ಶಿಕಾಗೋ ನಗರದ ಕಿನ್ಜಿ ಬೀದಿಯ ಸೇತುವೆಯ ಮೇಲೆ ಸಾಗುತ್ತಿದ್ದ, ಪ್ರಸಿದ್ಧ ಸಂಗೀತ ತಂಡವೊಂದರ ಬಸ್ಸಿನ ಚಾಲಕ ಶೌಚತೊಟ್ಟಿಯನ್ನು ಬರಿದುಮಾಡಿದ. ಸೇತುವೆಯ ನೆಲ ಲೋಹದ ಜಾಲರಿ. ಕೆಳಗೆ ನದಿಯಲ್ಲಿ ನಗರ ನೋಡಲು ಹೊರಟ ಪ್ರವಾಸಿಗರ ತೆರೆದ ದೋಣಿ. ಸುಮಾರು 360 ಕಿಲೋಗ್ರಾಂ ತ್ಯಾಜ್ಯ ಅವರ ಮೇಲೆ ಸುರಿಯಿತು. ಚಾಲಕ ಮುಂದೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಅಮೆರಿಕದಲ್ಲಿ ಇದನ್ನು ಹಾಸ್ಯವಾಗಿ ನೆನೆಯುವವರು ಇದ್ದಾರೆ. ದೋಣಿಯಲ್ಲಿ ಕುಳಿತಿದ್ದವರಿಗೆ ಅದು ಹಾಸ್ಯವಾಗಿರಲಾರದು.

ನಮ್ಮ ರೈಲು

ಶಿಕಾಗೋದ ಘಟನೆ ಸುದ್ದಿಯಾದದ್ದು ಅದು ಅಪರೂಪವಾದ್ದರಿಂದ. ನಮ್ಮ ದೇಶದಲ್ಲಿ ಶತಮಾನಕ್ಕೂ ಹೆಚ್ಚು ಕಾಲ ರೈಲುಗಳು ದಿನವೂ ಸೇತುವೆ, ಊರು, ನಿಲ್ದಾಣ ಎನ್ನದೆ ಹಳಿಗಳ ಮೇಲೆಯೇ ಚೆಲ್ಲುತ್ತ ಸಾಗಿದವು. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಪ್ರಯಾಣಿಕರು, ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು ಅಹಮದ್‌ಪುರ ನಿಲ್ದಾಣದಲ್ಲಿ ಇಳಿದಾಗ ರೈಲು ತಮ್ಮನ್ನು ಬಿಟ್ಟು ಹೊರಟದ್ದರ ಬಗ್ಗೆ ಬರೆದ ದೂರು ಪತ್ರ ಪ್ರಸಿದ್ಧವಾಗಿದೆ. ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಅದನ್ನು ಪ್ರದರ್ಶಿಸಲಾಗಿದೆ. ಮುಂದೆ ಸಾಮಾನ್ಯ ದರ್ಜೆಗೂ ಶೌಚಾಲಯಗಳು ಬಂದವು. ಆದರೆ ಅವಕ್ಕೆ ತೊಟ್ಟಿ ಇರಲಿಲ್ಲ. ಹಳಿಗೆ ತುಕ್ಕು, ನಿಲ್ದಾಣಕ್ಕೆ ನಾತ, ಹಳಿಯ ಮೇಲೆ ಕೆಲಸ ಮಾಡುವ ಕಾರ್ಮಿಕರಿಗೆ ನಿತ್ಯದ ಹೇಸಿಗೆ.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮತ್ತು ರೈಲ್ವೆ ಕೂಡಿ ರೂಪಿಸಿದ, ಬ್ಯಾಕ್ಟೀರಿಯಗಳು ತೊಟ್ಟಿಯಲ್ಲೇ ಮಲವನ್ನು ಜೀರ್ಣಿಸುವ ಜೈವಿಕ ಶೌಚಾಲಯಗಳು 2011ರಲ್ಲಿ ಗ್ವಾಲಿಯರ್-ವಾರಾಣಸಿ ನಡುವಿನ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್ಸಿನಲ್ಲಿ ಮೊದಲಿಗೆ ಬಂದವು. 2019ರ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಪ್ರಯಾಣಿಕರ ಬೋಗಿಗಳಲ್ಲೆಲ್ಲ ಅವುಗಳನ್ನು ಅಳವಡಿಸಿದ್ದಾಗಿ ರೈಲ್ವೆ ಪ್ರಕಟಿಸಿತು. ನಿಜಕ್ಕೂ ದೊಡ್ಡ ಸಾಧನೆ. ಆದರೆ ಅದಕ್ಕೆ ಎರಡು ವರ್ಷ ಮುಂಚೆ, 2017ರ ಡಿಸೆಂಬರಿನಲ್ಲಿ, ಮಹಾಲೇಖಪಾಲರ ವರದಿ ಒಂದು ಕಹಿ ಸಂಗತಿಯನ್ನು ಬೆಳಕಿಗೆ ತಂದಿತ್ತು. ಪರಿಶೀಲಿಸಿದ ಸುಮಾರು 25,000 ಜೈವಿಕ ಶೌಚಾಲಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಾರಿ ದಾರಿ ಕಟ್ಟಿಕೊಂಡಿತ್ತು. ಎಲ್ಲಕ್ಕಿಂತ ಹೆಚ್ಚು ಕಟ್ಟಿಕೊಂಡದ್ದು ಬೆಂಗಳೂರಿನ ಡಿಪೊದಲ್ಲಿ: ಒಂದು ಶೌಚಾಲಯ ವರ್ಷಕ್ಕೆ ಸರಾಸರಿ 83 ಸಲ. ಕಾರಣ ಬ್ಯಾಕ್ಟೀರಿಯಗಳಲ್ಲ. ಪ್ಲಾಸ್ಟಿಕ್ ಬಾಟಲಿ, ಗುಟ್ಕಾ ಪೊಟ್ಟಣ, ಪತ್ರಿಕೆಯ ಹಾಳೆ ಇಂಥವು.

ಇಲ್ಲಿ ನನಗೆ ಯೂಟಾದ ಆ ಬೆಳಗ್ಗೆ ಮತ್ತೆ ನೆನಪಾಗುತ್ತದೆ. ಅಲ್ಲಿ ತಪ್ಪು ಮಾಡಿದವರು ನಾವು, ಬಕೆಟ್ ಹೊತ್ತವರೂ ನಾವು. ಕೈಗವಸಿನೊಳಗಿದ್ದದ್ದು ನಮ್ಮ ಕೈ, ಮೂಗಿಗೆ ಬಡಿದದ್ದು ನಮ್ಮದೇ ದುರ್ಗಂಧ. ಉಳಿದ ನಾಲ್ಕು ದಿನ ನಮ್ಮಲ್ಲಿ ಯಾರೂ ಒಂದು ತುಂಡು ಕಾಗದವನ್ನೂ ಯೋಚಿಸದೆ ಹಾಕಲಿಲ್ಲ. ಹೇಳಿಕೊಡುವವರೇ ಬೇಕಾಗಲಿಲ್ಲ. ರೈಲಿನಲ್ಲಿ ಬಾಟಲಿ ತುರುಕಿದವರು ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುತ್ತಾರೆ. ಅದನ್ನು ಹೊರತೆಗೆಯಬೇಕಾದವರು ಡಿಪೊದಲ್ಲಿ ಕಾದಿರುತ್ತಾರೆ. ತಪ್ಪು ಒಬ್ಬರದು, ಕೈ ಇನ್ನೊಬ್ಬರದು.

ಮಲ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲೇ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ನಿಷೇಧಿಸಿದ ರಾಜ್ಯ ನಮ್ಮದು. 2013ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಠಿಣ ಕಾಯ್ದೆಯೂ ಬಂತು. ಆದರೆ ಕಾಯ್ದೆಯ ಮಾತನ್ನು ಯಂತ್ರ ನಡೆಸಿಕೊಡಬೇಕಾದರೆ ಯಂತ್ರದ ನಿಯಮವನ್ನು ಬಳಸುವವರು ಪಾಲಿಸಬೇಕು. ಹ್ಯಾರಿಂಗ್ಟನ್ನಿನಿಂದ ಇಂದಿನವರೆಗೆ ಕವಾಟದ ಆಕಾರ ಹಲವು ಸಲ ಬದಲಾಗಿದೆ. ಅದು ನಮ್ಮಿಂದ ಕೇಳುವುದು ಬದಲಾಗಿಲ್ಲ: ಸಾಕಷ್ಟು ನೀರು, ಸಕಾಲಕ್ಕೆ ಒಂದು ಸೀಲು, ಹಾಕಬಾರದ್ದನ್ನು ಹಾಕದಿರುವ ಎಚ್ಚರ. ಇಷ್ಟನ್ನು ಕೊಡದೆ ಉಳಿಸಿಕೊಂಡರೆ, ಕೊನೆಗೆ ಕವಾಟದೊಳಗೆ ಕೈಹಾಕಬೇಕಾದವರು ಒಬ್ಬರು ಇದ್ದೇ ಇರುತ್ತಾರೆ. ಮುಂದಿನ ಸಲ ರೈಲಿನ ಶೌಚಾಲಯದಲ್ಲಿ ಖಾಲಿ ಬಾಟಲಿ ಕೈಯಲ್ಲಿದ್ದಾಗ ವಾಚಕರು ಅವರನ್ನು ಒಮ್ಮೆ ನೆನೆದರೆ ಈ ಲೇಖನ ಬರೆದದ್ದು ಸಾರ್ಥಕ.